ವಾಲ್‌ಐ ಓಪನರ್: ಮಿನ್ನೆಸೋಟದ ಕೆರೆಯಲ್ಲಿ ಮೊದಲ ಸಲ ಗಾಳ ಹಾಕುವವರಿಗೆ

ಮೇ ತಿಂಗಳ ನಡುವೆ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಗೆ. ಅಷ್ಟು ಹೊತ್ತಿಗೆ ಕೆರೆ ದಂಡೆಯಲ್ಲಿದ್ದವರಲ್ಲಿ ಅರ್ಧ ಜನ ಕುರ್ಚಿ ಮಡಚಿಕೊಂಡು ಕಾರಿನ ಕಡೆ ನಡೆಯುತ್ತಾರೆ. ವಾಲ್‌ಐ ಮೀನು ದಡಕ್ಕೆ ಬರುವುದೇ ಆಗ. ಈ ಲೇಖನದಲ್ಲಿ ಬೇರೆ ಏನು ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ. ಬೋಟು ಬೇಡ, ದುಬಾರಿ ಸಾಮಾನು ಬೇಡ. ಸರಿಯಾದ ಹೊತ್ತಿಗೆ ಸರಿಯಾದ ದಡದಲ್ಲಿ ನಿಂತಿದ್ದರೆ ಸಾಕು.

ಮಿನ್ನಿಯಾಪೊಲಿಸ್, ಸೇಂಟ್ ಪಾಲ್ ಸುತ್ತಮುತ್ತ ಈಗ ಎಷ್ಟೊಂದು ಕನ್ನಡದ ಮನೆಗಳಿವೆ. ಆಫೀಸಿನಲ್ಲಿ ಮೇ ಬಂತೆಂದರೆ ಸಾಕು, ಎಲ್ಲರ ಬಾಯಲ್ಲೂ 'ಓಪನರ್' ಮಾತು, ಅಂದರೆ ವಾಲ್‌ಐ ಹಿಡಿಯುವ ಸೀಸನ್ ತೆರೆಯುವ ಶನಿವಾರ. ಸುಮಾರು 5 ಲಕ್ಷ ಜನ ಆ ವಾರಾಂತ್ಯ ನೀರಿಗೆ ಇಳಿಯುತ್ತಾರೆ ಎಂಬ ಅಂದಾಜಿದೆ. ರಾಜ್ಯದ ಗವರ್ನರ್ ಕೂಡ ಗಾಳ ಹಿಡಿದು ಕೂರುತ್ತಾರೆ, 1948ರಿಂದ ನಡೆದುಬಂದ ಪದ್ಧತಿ ಅದು. ನಮ್ಮವರು ಮಾತ್ರ 'ಅದು ಬೋಟು ಇರೋರ ಕೆಲಸ' ಎಂದು ದೂರ ಉಳಿಯುತ್ತಾರೆ. ನಾನೂ ಮೂರು ವರ್ಷ ಹಾಗೇ ಉಳಿದಿದ್ದೆ. ಆ ಮೂರು ವರ್ಷ ಸುಮ್ನೆ ಹೋಯಿತಲ್ಲ ಎಂದು ಈಗಲೂ ಬೇಜಾರಾಗುತ್ತದೆ.

ಯಾಕೆ ಅದೇ ಶನಿವಾರ?

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಮೊದಲ ಮಳೆಗೆ ಹಳ್ಳ ತುಂಬಿದಾಗ ಹತ್ತುಮೀನು ಹತ್ತುತ್ತದಲ್ಲ, ಮೊಟ್ಟೆ ಇಡಲು ನೀರಿಗೆ ಎದುರಾಗಿ ಮೇಲೇರುತ್ತದಲ್ಲ, ವಾಲ್‌ಐ ಕೂಡ ಹಾಗೇ. ಇಲ್ಲಿ ಮಳೆಯ ಬದಲು ಮಂಜುಗಡ್ಡೆ ಕರಗುವುದು ಅದಕ್ಕೆ ಸೂಚನೆ. ನೀರು 42ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ಆಗುತ್ತಿದ್ದಂತೆ ಹೊಳೆ ಸೇರುವ ಬಾಯಿಗೆ, ಜಲ್ಲಿಕಲ್ಲಿನ ದಡಕ್ಕೆ ಬಂದು ಮೊಟ್ಟೆ ಇಡುತ್ತದೆ. ಆಗ ಅದು ಆಳವಿಲ್ಲದ ಕಡೆ ಗುಂಪುಗುಂಪಾಗಿ ಇರುವುದರಿಂದ ಹಿಡಿಯುವುದು ತುಂಬ ಸುಲಭ. ಅದಕ್ಕೇ ಚಳಿಗಾಲದ ಕೊನೆಗೆ ಸೀಸನ್ ಮುಚ್ಚಿ, ಮೊಟ್ಟೆ ಇಡುವ ಕೆಲಸ ಬಹುಪಾಲು ಮುಗಿದ ಮೇಲೆ ತೆರೆಯುತ್ತಾರೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗಿಳಿಯುವುದಿಲ್ಲವಲ್ಲ, ಅದೇ ಲೆಕ್ಕ.

ದಿನ ಲೆಕ್ಕ ಹಾಕುವುದು ಹೀಗೆ: ಮೆಮೋರಿಯಲ್ ಡೇ (ಮೇ ತಿಂಗಳ ಕೊನೆಯ ಸೋಮವಾರದ ರಜೆ) ವಾರಾಂತ್ಯದ ಶನಿವಾರಕ್ಕಿಂತ ಸರಿಯಾಗಿ ಎರಡು ವಾರ ಮುಂಚಿನ ಶನಿವಾರ. 2025ರಲ್ಲಿ ಅದು ಮೇ 10 ಆಗಿತ್ತು. ಶುಕ್ರವಾರ ರಾತ್ರಿ 12 ಹೊಡೆದ ಕ್ಷಣದಿಂದಲೇ ಸೀಸನ್ ಶುರು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ದಡದಲ್ಲಿ ತಲೆಗೆ ದೀಪ ಕಟ್ಟಿಕೊಂಡು ಗಡಿಯಾರ ನೋಡುತ್ತಾ ನಿಂತ ಜನರನ್ನು ಒಮ್ಮೆಯಾದರೂ ನೋಡಬೇಕು.

ಎರಡು ವಾರ ಮುಂಚೆ: ಲೈಸೆನ್ಸ್

16 ವರ್ಷ ತುಂಬಿದವರಿಗೆಲ್ಲ ಲೈಸೆನ್ಸ್ ಬೇಕು. ರಾಜ್ಯದಲ್ಲಿ ಕನಿಷ್ಠ 60 ದಿನ ನೆಲೆಸಿದವರು ನಿವಾಸಿ ದರದಲ್ಲಿ ಕೊಳ್ಳಬಹುದು, ವರ್ಷಕ್ಕೆ ಸುಮಾರು 25 ಡಾಲರ್. ಗಂಡ ಹೆಂಡತಿ ಇಬ್ಬರೂ ಹೋಗುವುದಾದರೆ ಜೋಡಿ ಲೈಸೆನ್ಸ್ ಕೇಳಿ, ಬೇರೆ ಬೇರೆ ಕೊಳ್ಳುವುದಕ್ಕಿಂತ ಅಗ್ಗ. ಆನ್‌ಲೈನ್‌ನಲ್ಲಿ ಹತ್ತು ನಿಮಿಷದ ಕೆಲಸ. ಗಾಳದ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಶುಕ್ರವಾರ ಸಂಜೆ ಅಲ್ಲಿ ಸಾಲು ಬಾಗಿಲಾಚೆಗೂ ಇರುತ್ತದೆ.

ಓಪನರ್ ಸಾಮಾನ್ಯವಾಗಿ ತಾಯಂದಿರ ದಿನದ ವಾರಾಂತ್ಯಕ್ಕೇ ಬೀಳುತ್ತದೆ. ಆ ಎರಡು ದಿನ ಮಿನ್ನೆಸೋಟದಲ್ಲಿ ನೆಲೆಸಿರುವ ತಾಯಂದಿರಿಗೆ ಲೈಸೆನ್ಸ್ ಬೇಡ. ಆದರೆ ಒಂದು ವಿಷಯ ಗಮನಿಸಿ. ಮೇ ತಿಂಗಳಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಅವರು ಇಲ್ಲಿಯ ನಿವಾಸಿಗಳಲ್ಲ, ಹಾಗಾಗಿ ಊರಿಂದ ಬಂದ ಅಮ್ಮನಿಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಅವರಿಗೆ ಒಂದು ದಿನದ್ದೋ ಮೂರು ದಿನದ್ದೋ ಹೊರಗಿನವರ ಲೈಸೆನ್ಸ್ ತೆಗೆಯಿರಿ. ಖಂಡಿತ ತೆಗೆಯಿರಿ. ತುಂಗೆಯ ದಡದಲ್ಲಿ ಬಿದಿರ ಕೋಲು ಹಿಡಿದು ಬೆಳೆದ ನಮ್ಮಪ್ಪನ ಕೈಗೆ ಇಲ್ಲಿ ರಾಡ್ ಕೊಟ್ಟಾಗ ಅವರ ಮುಖ ಹೇಗಿತ್ತೆಂದು ನಾನು ನೋಡಿದ್ದೇನೆ.

ಲೈಸೆನ್ಸ್ ಜೊತೆಗೇ ಡಿಎನ್‌ಆರ್ ಹೊರತರುವ ಆ ವರ್ಷದ ನಿಯಮದ ಪುಸ್ತಕವನ್ನೂ ನೋಡಿಕೊಳ್ಳಿ. ಡಿಎನ್‌ಆರ್ ಅಂದರೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ. ದಿನಕ್ಕೆ ಎಷ್ಟು ಮೀನು ಇಟ್ಟುಕೊಳ್ಳಬಹುದು ಎಂದು ಹಳಬರನ್ನು ಕೇಳಿದರೆ 'ಆರು, ಅದರಲ್ಲಿ 20 ಇಂಚು ಮೀರಿದ್ದು ಒಂದೇ' ಎನ್ನುತ್ತಾರೆ. ತುಂಬ ವರ್ಷ ಇದ್ದ ಲೆಕ್ಕ ಅದು. ಆದರೆ ಪ್ರತಿ ವರ್ಷ ಪುಸ್ತಕದಲ್ಲಿರುವ ಸಂಖ್ಯೆಯನ್ನೇ ನಂಬಿ. ಅದಲ್ಲದೆ ಅನೇಕ ದೊಡ್ಡ ಕೆರೆಗಳಿಗೆ ಅವುಗಳದೇ ಪ್ರತ್ಯೇಕ ನಿಯಮ ಇರುತ್ತದೆ. ಒಬ್ಬರಿಗೆ ಒಂದೇ ಗಾಳ, ಇದು ಮಾತ್ರ ಬೇಸಿಗೆಯಲ್ಲಿ ರಾಜ್ಯದೊಳಗಿನ ಕೆರೆಗಳಿಗೆಲ್ಲ ಒಂದೇ.

ಎಲ್ಲಿಗೆ ಹೋಗುವುದು?

ಹತ್ತು ಎಕರೆ ಮೀರಿದ ಕೆರೆಗಳೇ ಈ ರಾಜ್ಯದಲ್ಲಿ 11,842 ಇವೆ. ಅದರಲ್ಲಿ ಆರಿಸುವುದು ತಲೆನೋವು ಎನಿಸಬಹುದು. ನನ್ನ ಸಲಹೆ ಇಷ್ಟೇ: ಮೊದಲ ವರ್ಷ ಮನೆಗೆ ಹತ್ತಿರದ ಕೆರೆ. ಮಿನ್ನಿಯಾಪೊಲಿಸ್ ಒಳಗೇ ಇರುವ ನೊಕೋಮಿಸ್, ಬಿಡೆ ಮಕಾ ಸ್ಕಾ ಕೆರೆಗಳಲ್ಲಿ ವಾಲ್‌ಐ ಇದೆ, ನಿಂತು ಗಾಳ ಹಾಕಲು ಕಟ್ಟೆಯೂ ಇದೆ. ವೈಟ್ ಬೇರ್ ಲೇಕ್, ಮಿನ್ನೆಟೊಂಕಾ ಕೂಡ ಹತ್ತಿರವೇ. ಡಿಎನ್‌ಆರ್‌ನ 'ಲೇಕ್‌ಫೈಂಡರ್' ಜಾಲತಾಣದಲ್ಲಿ ಕೆರೆಯ ಹೆಸರು ಹಾಕಿದರೆ ಯಾವ ಮೀನು ಇದೆ, ಎಲ್ಲಿ ಎಷ್ಟು ಆಳ, ಕಟ್ಟೆ ಎಲ್ಲಿದೆ ಎಲ್ಲವೂ ಸಿಗುತ್ತದೆ.

ನಕ್ಷೆಯಲ್ಲಿ ಹುಡುಕಬೇಕಾದ್ದು ಮೂರು ತರಹದ ಜಾಗ. ಹೊಳೆ ಅಥವಾ ಕಾಲುವೆ ಕೆರೆಗೆ ಸೇರುವ ಬಾಯಿ. ಜಲ್ಲಿಕಲ್ಲು ಇರುವ ದಡ. ದಡದಿಂದ ಸ್ವಲ್ಪ ದೂರದಲ್ಲೇ ನೀರು 4 ಅಡಿಯಿಂದ 12 ಅಡಿಗೆ ಇಳಿಯುವ ಇಳಿಜಾರು. ಮೊಟ್ಟೆ ಇಟ್ಟ ಹೆಣ್ಣು ಮೀನು ಕೆಲವು ದಿನ ಸುಸ್ತಾಗಿ ಆಳದಲ್ಲಿ ಇರುತ್ತದೆ. ಗಂಡು ಮೀನು ಮಾತ್ರ ಆ ಕಲ್ಲುಗಳ ಹತ್ತಿರವೇ ಸುಳಿದಾಡುತ್ತಿರುತ್ತದೆ. ಓಪನರ್‌ನಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಇವೇ, ಒಂದು ಅಡಿಯ ಮೇಲೆ ನಾಲ್ಕು ಬೆರಳು ಉದ್ದದ್ದು, ಬಾಣಲೆಗೆ ಹೇಳಿ ಮಾಡಿಸಿದ್ದು.

ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆ ನೋಡಿ, ಗಾಳಿ ಬಂದು ಬಡಿಯುವ ದಡವನ್ನೇ ಆರಿಸಿಕೊಳ್ಳಿ. ಹೊಸಬರು ಗಾಳಿ ಇಲ್ಲದ ಬೆಚ್ಚನೆ ಮೂಲೆ ಹುಡುಕುತ್ತಾರೆ, ಅದು ಸಹಜ. ಆದರೆ ಸಣ್ಣ ಅಲೆ ಎದ್ದು ನೀರು ಸ್ವಲ್ಪ ಕದಡಿದರೆ ಬೆಳಕು ಒಳಗೆ ಇಳಿಯುವುದು ಕಡಿಮೆ, ಚಿಕ್ಕ ಮೀನುಗಳೂ ಆ ದಡಕ್ಕೆ ತಳ್ಳಿಕೊಂಡು ಬರುತ್ತವೆ. ಇಲ್ಲಿಯವರು ಇದನ್ನು 'ವಾಲ್‌ಐ ಚಾಪ್' ಎನ್ನುತ್ತಾರೆ.

ಬೆಳಕಿನ ಮಾತು ಬಂತಲ್ಲ. ಈ ಮೀನಿನ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಪ್ರತಿಫಲಿಸುವ ಪದರವಿದೆ, ಬೆಕ್ಕಿಗೆ ಇರುವಂತೆ. ಟಾರ್ಚ್ ಬಿಟ್ಟರೆ ಹಾಲಿನ ಬಣ್ಣದಲ್ಲಿ ಹೊಳೆಯುತ್ತದೆ. ಇದರ ಬೇಟೆಯಾಗುವ ಚಿಕ್ಕ ಮೀನಿಗೆ ಮಬ್ಬಿನಲ್ಲಿ ಕಣ್ಣು ಕಾಣದು, ಇದಕ್ಕೆ ಕಾಣುತ್ತದೆ. ಅದಕ್ಕೇ ಹೊತ್ತು ಮುಳುಗುವ ಹಿಂದೆ ಮುಂದೆ, ಬೆಳಗಿನ ಜಾವ ಹೊತ್ತು ಮೂಡುವ ಹಿಂದೆ ಮುಂದೆ ಇದು ದಡಕ್ಕೆ ಬರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಆಳಕ್ಕೆ ಇಳಿದುಬಿಡುತ್ತದೆ.

ಎರಡನೇ ವರ್ಷ ಬೇಕಾದರೆ ಮಿಲ್ ಲಾಕ್ಸ್‌ಗೆ ಹೋಗಿ, ಉತ್ತರಕ್ಕೆ ಸುಮಾರು 100 ಮೈಲಿ. 1,32,000 ಎಕರೆಯ ಕೆರೆ, ಆಚೆ ದಡ ಕಾಣುವುದಿಲ್ಲ. ಗ್ಯಾರಿಸನ್ ಊರಿನಲ್ಲಿ ದೊಡ್ಡ ವಾಲ್‌ಐ ಪ್ರತಿಮೆಯೇ ಇದೆ. ಬೋಟಿಲ್ಲದವರಿಗೆ ಫಾದರ್ ಹೆನೆಪಿನ್ ಸ್ಟೇಟ್ ಪಾರ್ಕಿನ ಕಟ್ಟೆ ಒಳ್ಳೆಯ ಜಾಗ. ಇದು ಇಲ್ಲಿಯ ಮೂಲನಿವಾಸಿಗಳಾದ ಒಜಿಬ್ವೆ ಜನರ ಕೆರೆ. 1837ರ ಒಪ್ಪಂದದಿಂದ ಅವರಿಗೆ ಇಲ್ಲಿ ಮೀನು ಹಿಡಿಯುವ ಹಕ್ಕಿದೆ, 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪ್ರತಿ ವರ್ಷ ಕೆರೆಯಿಂದ ಎಷ್ಟು ಮೀನು ತೆಗೆಯಬಹುದು ಎಂದು ಲೆಕ್ಕ ಹಾಕಿ ಅವರಿಗೂ ರಾಜ್ಯಕ್ಕೂ ಹಂಚುತ್ತಾರೆ. ಹಾಗಾಗಿ ಇಲ್ಲಿಯ ನಿಯಮ ವರ್ಷ ವರ್ಷ ಬದಲಾಗುತ್ತದೆ, ಕೆಲವು ವರ್ಷ ರಾತ್ರಿ ಗಾಳ ಹಾಕುವುದನ್ನೇ ನಿಲ್ಲಿಸಿದ್ದುಂಟು. ಹೊರಡುವ ಮುಂಚೆ ನೋಡಿಕೊಳ್ಳಿ. ಮಂಜುಗಡ್ಡೆಯನ್ನೂ ವಿಚಾರಿಸಿ. 2013ರಲ್ಲಿ ಓಪನರ್ ಬಂದರೂ ಇಲ್ಲಿ ಗಡ್ಡೆ ಕರಗಿರಲಿಲ್ಲ.

ಸಾಮಾನು

ಆರೂವರೆ ಅಡಿಯ ಹಗುರ ಸ್ಪಿನ್ನಿಂಗ್ ರಾಡ್, ರೀಲ್ ಸಮೇತ. ದಾರ 6 ಅಥವಾ 8 ಪೌಂಡ್ ಭಾರ ತಡೆಯುವಂಥದ್ದು, ಅದಕ್ಕಿಂತ ದಪ್ಪ ಬೇಡ. ಅರ್ಧ ಡಜನ್ ಜಿಗ್, ಅಂದರೆ ತಲೆಯಲ್ಲಿ ಲೋಹದ ಗುಂಡು ಇರುವ ಕೊಕ್ಕೆ. ತೂಕ ಔನ್ಸಿನ ಎಂಟನೇ ಒಂದು ಭಾಗ, ಅಂದರೆ ಮೂರೂವರೆ ಗ್ರಾಂ. ಗಾಳಿ ಜಾಸ್ತಿ ಇದ್ದರೆಂದು ಕಾಲು ಔನ್ಸಿನದು ಒಂದೆರಡು ಇರಲಿ. ಸೀಸದ ಜಿಗ್ ಬದಲು ಟಂಗ್‌ಸ್ಟನ್ ಅಥವಾ ತವರದ್ದು ಕೇಳಿ. ಕಳಚಿ ಬಿದ್ದ ಸೀಸವನ್ನು ನುಂಗಿ ಲೂನ್ ಹಕ್ಕಿಗಳು ಸಾಯುತ್ತವೆ. ಸಂಜೆ ಕೆರೆಯ ಮೇಲೆ ಅದರ ಕೂಗು ಒಮ್ಮೆ ಕೇಳಿದರೆ ಒಂದೆರಡು ಡಾಲರ್ ಹೆಚ್ಚು ಕೊಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ.

ಇಕ್ಕಳ, ಅಳತೆ ಪಟ್ಟಿ, ಬಲೆ, ತಲೆದೀಪ. ಇಷ್ಟೇ. ಕೊಳ್ಳಲು ಮನಸ್ಸಿಲ್ಲದಿದ್ದರೆ ಕೆಲವು ಸ್ಟೇಟ್ ಪಾರ್ಕುಗಳಲ್ಲಿ ಗಾಳದ ಕಿಟ್ಟನ್ನು ಎರವಲು ಕೊಡುತ್ತಾರೆ.

ಬಟ್ಟೆ ವಿಷಯದಲ್ಲಿ ಮೋಸ ಹೋಗಬೇಡಿ. ಮಧ್ಯಾಹ್ನ ಟೀಶರ್ಟ್ ಸಾಕು ಎನಿಸಿದರೂ ಕತ್ತಲಾದ ಮೇಲೆ ಕೆರೆಯ ಗಾಳಿ ಮೂಳೆಗೆ ಇಳಿಯುತ್ತದೆ. ಮೇ ತಿಂಗಳ ನೀರು ಇನ್ನೂ 50 ಡಿಗ್ರಿ ಆಸುಪಾಸು, ಅಂದರೆ ಸುಮಾರು 10 ಸೆಲ್ಸಿಯಸ್. ಬಿದ್ದರೆ ಈಜು ಬಲ್ಲವರಿಗೂ ಉಸಿರು ಕಟ್ಟುತ್ತದೆ. ಬೋಟಿನಲ್ಲಿ 10 ವರ್ಷದೊಳಗಿನ ಮಕ್ಕಳಿಗೆ ಲೈಫ್ ಜಾಕೆಟ್ ಕಾನೂನು. ನಾನು ಹೇಳುವುದಾದರೆ ಕಟ್ಟೆಯ ಮೇಲೂ ಹಾಕಿಸಿ, ಕತ್ತಲಲ್ಲಂತೂ ಹಾಕಿಸಲೇಬೇಕು.

ಎರೆ

ಗಾಳದ ಅಂಗಡಿಗೆ ಹೋಗಿ 'ಶೈನರ್' ಕೇಳಿ. ಎರಡು ಮೂರು ಇಂಚಿನ ಬೆಳ್ಳಿ ಬಣ್ಣದ ಜೀವಂತ ಮೀನು. ಈ ಹೊತ್ತಿಗೆ ಅವೂ ದಡದ ಹತ್ತಿರ ಸೇರುತ್ತವೆ, ವಾಲ್‌ಐ ಅವುಗಳ ಬೆನ್ನು ಹತ್ತಿ ಬರುತ್ತದೆ. ಶೈನರ್ ತುಂಬ ಸೂಕ್ಷ್ಮ. ಬಕೆಟ್ಟಿನ ನೀರು ಬೆಚ್ಚಗಾದರೆ ಅರ್ಧ ಗಂಟೆಯಲ್ಲಿ ಸತ್ತು ತೇಲುತ್ತವೆ. ಸಣ್ಣ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಬಕೆಟ್ಟಿನಲ್ಲಿ ಇಳಿಬಿಡಿ. ಶೈನರ್ ಖಾಲಿ ಎಂದರೆ ಫ್ಯಾಟ್‌ಹೆಡ್ ಎಂಬ ಗಟ್ಟಿ ಜಾತಿ ಇರುತ್ತದೆ, ಅದೂ ನಡೆಯುತ್ತದೆ. ನೀರು ಬೆಚ್ಚಗಾದ ಮೇಲೆ, ಜೂನ್ ಹತ್ತಿರ ಬಂದಂತೆ, ಜಿಗಣೆ ಮತ್ತು ಎರೆಹುಳು ಚೆನ್ನಾಗಿ ಕೆಲಸ ಮಾಡುತ್ತವೆ.

ದಡದಲ್ಲಿ

ಏಳೂವರೆಗೆ ಅಲ್ಲಿರಿ. ಬೆಳಕಿರುವಾಗಲೇ ಜಾಗ ನೋಡಿಕೊಂಡು, ಹತ್ತು ಸಲ ಖಾಲಿ ಜಿಗ್ ಎಸೆದು, ಎಲ್ಲಿ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ತಿಳಿದುಕೊಳ್ಳಿ. ಕತ್ತಲಲ್ಲಿ ಕಲಿಯುವುದು ಕಷ್ಟ.

ಶೈನರ್‌ನ ಕೆಳದುಟಿಯಿಂದ ಕೊಕ್ಕೆ ಚುಚ್ಚಿ ಮೇಲ್ದುಟಿಯಿಂದ ಹೊರಗೆ ತನ್ನಿ. ಎಸೆಯುವಾಗ ಜೋರಾಗಿ ಬೀಸಿದರೆ ಮೀನು ಕಳಚಿ ಹಾರುತ್ತದೆ, ಮೆಲ್ಲಗೆ ತೂಗಿ ಬಿಡಿ. ಜಿಗ್ ನೀರಿಗೆ ಬಿದ್ದ ಮೇಲೆ ಸುಮ್ಮನಿರಿ. ದಾರವನ್ನೇ ನೋಡುತ್ತಾ ಒಂದು, ಎರಡು, ಮೂರು ಎಣಿಸಿ. ಬಿಗಿಯಾಗಿ ಇಳಿಯುತ್ತಿದ್ದ ದಾರ ಒಂದು ಕ್ಷಣ ಸಡಿಲಾಗಿ ನೀರಿನ ಮೇಲೆ ಬಾಗಿ ಮಲಗುತ್ತದೆ. ತಳ ಮುಟ್ಟಿತು ಎಂದರ್ಥ. ಈಗ ರಾಡಿನ ತುದಿಯನ್ನು ಒಂದು ಗೇಣು ಮಾತ್ರ ಎತ್ತಿ. ಮತ್ತೆ ಇಳಿಸಿ, ಆದರೆ ದಾರ ಸಡಿಲಾಗದಂತೆ, ಜಿಗ್‌ನ ಜೊತೆಗೇ ತುದಿಯೂ ಇಳಿಯಬೇಕು. ರೀಲ್ ಒಂದು ಸುತ್ತು. ನಿಲ್ಲಿ. ಮನಸ್ಸಿನಲ್ಲೇ ಐದು ಎಣಿಸಿ. ಮತ್ತೆ ಒಂದು ಗೇಣು.

ಹೊಸಬರು ಮಾಡುವ ತಪ್ಪು ಒಂದೇ, ಅವಸರ. ತಣ್ಣೀರಿನ ಮೀನು ಓಡಿ ಬಂದು ಕಚ್ಚುವುದಿಲ್ಲ. ನಿಮಗೆ ನಿಧಾನ ಎನಿಸಿದ್ದನ್ನು ಇನ್ನೂ ಅರ್ಧ ಮಾಡಿ.

ಕಚ್ಚುವುದು ಬಹುಪಾಲು ಜಿಗ್ ಇಳಿಯುವಾಗ. ಕೆಲವೊಮ್ಮೆ 'ಟಕ್' ಎಂದು ಬೆರಳಿಗೆ ತಟ್ಟುತ್ತದೆ. ಇನ್ನು ಕೆಲವೊಮ್ಮೆ ತಟ್ಟುವುದೇ ಇಲ್ಲ, ಎತ್ತಲು ಹೋದರೆ ಒದ್ದೆ ಬಟ್ಟೆ ಸಿಕ್ಕಿಕೊಂಡಂತೆ ಭಾರ. ನಾನು ಮೊದಲ ವರ್ಷ ಆ ಭಾರವನ್ನು ಕಳೆ ಎಂದುಕೊಂಡು ಜಗ್ಗಿ ಜಗ್ಗಿ ಎಷ್ಟು ಮೀನು ಕಳೆದುಕೊಂಡೆನೋ. ಭಾರ ಸಿಕ್ಕಿದ ಕೂಡಲೇ ಎಳೆಯಬೇಡಿ. ತುದಿಯನ್ನು ಅರ್ಧ ಅಡಿ ಮೀನಿನ ಕಡೆ ಬಿಟ್ಟುಕೊಡಿ, ಒಂದು ಉಸಿರು ಕಾಯಿರಿ, ಆಮೇಲೆ ಮಣಿಕಟ್ಟಿನಿಂದ ಗಟ್ಟಿಯಾಗಿ ಎತ್ತಿ. ತುದಿ ಬಾಗಿ, ತಲೆ ಕೊಡವುವ ಗುದ್ದು ಕೈಗೆ ಬಂದರೆ ಅದು ವಾಲ್‌ಐ.

ಮಕ್ಕಳಿಗೆ ಜಿಗ್ ಕಷ್ಟ. ಅವರಿಗೆ ಬೆಂಡು ಕಟ್ಟಿಕೊಡಿ. ಜಾರುವ ಬೆಂಡಿಗೆ ಬೆಳಕಿನ ಕಡ್ಡಿ ಸಿಕ್ಕಿಸಿ, ಎರೆ ತಳದಿಂದ ಒಂದು ಅಡಿ ಮೇಲಿರುವಂತೆ ಹೊಂದಿಸಿ. ಕತ್ತಲ ನೀರಿನ ಮೇಲೆ ಹಸಿರು ಚುಕ್ಕೆ ತೇಲುತ್ತಿರುವಾಗ ಮಕ್ಕಳು ಕಣ್ಣು ಮಿಟುಕಿಸುವುದಿಲ್ಲ. ಅದು ಮೆಲ್ಲಗೆ ಓರೆಯಾಗಿ ಮುಳುಗಿ, ನೀರಿನೊಳಗಿನಿಂದ ಹಸಿರು ಹೊಳಪು ಕೆಳಗೆ ಕೆಳಗೆ ಹೋಗುವುದು ಕಾಣುತ್ತದೆ. ನನ್ನ ಮಗಳು ಆಗ ಕೂಗಲಿಲ್ಲ. 'ಅಪ್ಪಾ, ಹೋಯ್ತು' ಎಂದು ಪಿಸುಗುಟ್ಟಿದಳು.

ಒಂಬತ್ತರಿಂದ ಒಂಬತ್ತೂವರೆ ನಡುವೆ ಏನೂ ಸಿಗಲಿಲ್ಲ ಎಂದರೆ ಐವತ್ತು ಹೆಜ್ಜೆ ಆಚೆ ಹೋಗಿ ಮತ್ತೆ ಎಸೆಯಿರಿ. ಅಂದು ಒಂದೂ ಸಿಗದೆ ಹೋಗಬಹುದು. ಅದೂ ಓಪನರ್‌ನ ಭಾಗವೇ. ಮಕ್ಕಳು ಬೇಸರಪಟ್ಟರೆ ಮರುದಿನ ಹಗಲು ಸನ್‌ಫಿಶ್, ಕ್ರ್ಯಾಪಿಗೆ ಗಾಳ ಹಾಕಿಸಿ. ಅವು ಸುಲಭವಾಗಿ ಸಿಗುತ್ತವೆ, ಸೀಸನ್ ವರ್ಷವಿಡೀ ತೆರೆದಿರುತ್ತದೆ.

ಮೀನು ಕೈಗೆ ಬಂದಾಗ

ಮೊದಲು ಅದು ವಾಲ್‌ಐ ಹೌದೇ ನೋಡಿ. ಮೈ ಕಂದು ಚಿನ್ನದ ಬಣ್ಣ. ಬಾಲದ ಕೆಳತುದಿಯಲ್ಲಿ ಬಿಳಿ ಮಚ್ಚೆ. ಬೆನ್ನಿನ ಮುಳ್ಳುರೆಕ್ಕೆಯ ಹಿಂಭಾಗದಲ್ಲಿ ಒಂದು ಕಪ್ಪು ಕಲೆ. ರೆಕ್ಕೆ ತುಂಬ ಸಾಲು ಸಾಲು ಚುಕ್ಕೆ ಇದ್ದರೆ ಅದು ಸೌಗರ್ ಎಂಬ ದಾಯಾದಿ. ಎರಡನ್ನೂ ಸೇರಿಸಿಯೇ ಮಿತಿ ಲೆಕ್ಕ.

ಬಾಯಿಗೆ ಬೆರಳು ಹಾಕಬೇಡಿ, ಹಲ್ಲು ಸೂಜಿಯಂತಿವೆ. ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಚೂಪು. ನನ್ನ ಹೆಬ್ಬೆರಳಿನ ಬುಡದಲ್ಲಿ ಇನ್ನೂ ಗಾಯದ ಗೆರೆ ಇದೆ. ಕೈ ಒದ್ದೆ ಮಾಡಿಕೊಂಡು, ಮುಳ್ಳುರೆಕ್ಕೆಯನ್ನು ಹಿಂದಕ್ಕೆ ಮಡಚಿ, ತಲೆಯ ಹಿಂದೆ ಹಿಡಿಯಿರಿ. ಇಕ್ಕಳದಿಂದ ಕೊಕ್ಕೆ ಬಿಡಿಸಿ. ಮೂಗಿನ ತುದಿಯಿಂದ ಬಾಲದ ತುದಿವರೆಗೆ ಅಳೆಯಿರಿ.

ನಮ್ಮಲ್ಲಿ ಮೀನು ತಿನ್ನದ ಮನೆಗಳು ತುಂಬ ಇವೆ. ಹಿಡಿದು ಬಿಡುವವರಿಗೆ ನನ್ನ ಮಾತು ಇಷ್ಟೇ: ಫೋಟೋಗೆಂದು ಮೀನನ್ನು ಗಾಳಿಯಲ್ಲಿ ಹೆಚ್ಚು ಹೊತ್ತು ಹಿಡಿಯಬೇಡಿ, ನೀರಿನೊಳಗೇ ಕೊಕ್ಕೆ ಬಿಡಿಸಿ. ಕೊಕ್ಕೆ ಗಂಟಲಿಗೆ ಇಳಿದಿದ್ದರೆ ಕೀಳಬೇಡಿ, ದಾರ ಕತ್ತರಿಸಿ ಬಿಡಿ. ದೊಡ್ಡ ಹೆಣ್ಣು ಮೀನನ್ನು ತಿನ್ನುವವರೂ ಬಿಡುವುದೇ ಒಳ್ಳೆಯದು. ಮುಂದಿನ ವರ್ಷದ ಮೊಟ್ಟೆ ಅವಳ ಹೊಟ್ಟೆಯಲ್ಲಿದೆ.

ಬೋಟಿನಲ್ಲಿ ಹೋಗುವವರಿಗೆ

ಗೆಳೆಯರ ಬೋಟಿನಲ್ಲಿ ಕರೆದರೆ ಹೋಗಿ, ಆದರೆ ಬೋಟಿಳಿಸುವ ಇಳಿಜಾರಿಗೆ ಹೋಗುವ ಮುಂಚೆಯೇ ಸಾಮಾನೆಲ್ಲ ತುಂಬಿಸಿ, ಅಡಿಯ ಬಿರಡೆ ಹಾಕಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಹಿಂದೆ ಇಪ್ಪತ್ತು ಬೋಟು ಕಾಯುತ್ತಿರುತ್ತವೆ. ದೊಡ್ಡ ಕೆರೆಯಲ್ಲಿ ಗಾಳಿ ಎದ್ದರೆ ಮೀನು ಕಚ್ಚುತ್ತಿದ್ದರೂ ವಾಪಸ್ ಬನ್ನಿ. ನೀವೇ ಓಡಿಸುವುದಾದರೆ, 2025ರ ಜುಲೈನಿಂದ ಕಿರಿಯ ವಯಸ್ಸಿನವರಿಗೆ ಕೋರ್ಸ್ ಮುಗಿಸಿ ಪರ್ಮಿಟ್ ಪಡೆಯುವ ನಿಯಮ ಬಂದಿದೆ, ನಿಮಗೆ ಅನ್ವಯಿಸುತ್ತದೆಯೇ ನೋಡಿ.

ಹೊರಡುವಾಗ ಬಿರಡೆ ಕಿತ್ತು ನೀರೆಲ್ಲ ಬಸಿಯಬೇಕು, ಅಂಟಿದ ಕಳೆ ತೆಗೆಯಬೇಕು. ಜೀಬ್ರಾ ಮಸಲ್ ಎಂಬ ಸಣ್ಣ ಚಿಪ್ಪು ಒಂದು ಕೆರೆಯಿಂದ ಇನ್ನೊಂದಕ್ಕೆ ಹೀಗೇ ಹರಡುತ್ತದೆ. ದಡದಲ್ಲಿ ನಿಂತವರಿಗೂ ನಿಯಮವಿದೆ: ಉಳಿದ ಶೈನರ್‌ಗಳನ್ನು ಕೆರೆಗೆ ಸುರಿಯಬಾರದು, ಕಸದ ಡಬ್ಬಿಗೆ ಹಾಕಬೇಕು. ಮನೆಗೆ ಒಯ್ಯುವುದಾದರೆ ಕೆರೆಯ ನೀರು ಚೆಲ್ಲಿ ಮನೆಯಿಂದ ತಂದ ನೀರು ತುಂಬಬೇಕು. ಜೀವ ಇರುವ ಮೀನನ್ನು ಕಸಕ್ಕೆ ಹಾಕಲು ಮನಸ್ಸು ಬಾರದು, ಗೊತ್ತು. ಅದಕ್ಕೇ ಎರೆ ಕಡಿಮೆ ಕೊಳ್ಳಿ. ಒಬ್ಬರಿಗೆ ಒಂದು ಡಜನ್ ಸಾಕು.

ಅಡುಗೆಮನೆಯಲ್ಲಿ

ಹಿಡಿದ ಕೂಡಲೇ ಐಸಿನ ಪೆಟ್ಟಿಗೆಗೆ ಹಾಕಿ. ಉದ್ದದ ನಿಯಮ ಇರುವ ಕೆರೆಯಲ್ಲಿ ಮೀನನ್ನು ಅಲ್ಲೇ ಕತ್ತರಿಸುವಂತಿಲ್ಲ, ಇಡಿಯಾಗಿ ತರಬೇಕು. ಬೇರೆ ಕಡೆ ತುಂಡು ಮಾಡಿ ಸಾಗಿಸುವಾಗಲೂ ಪೊರೆ ಸಮೇತ ಒಂದು ಚದರ ಇಂಚು ಚರ್ಮ ಬಿಟ್ಟಿರಬೇಕು, ತಪಾಸಣೆಗೆ ಬಂದವರಿಗೆ ಯಾವ ಮೀನು ಎಂದು ತಿಳಿಯಲು. ಇಲ್ಲಿಯ ಕೆರೆ ಮೀನಿನಲ್ಲಿ ಪಾದರಸದ ಅಂಶ ಇರುತ್ತದೆ. ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳು ಎಷ್ಟು ತಿನ್ನಬಹುದು ಎಂದು ರಾಜ್ಯದ ಆರೋಗ್ಯ ಇಲಾಖೆಯ ಪಟ್ಟಿ ನೋಡಿಯೇ ಬಡಿಸಿ. ಚಿಕ್ಕ ಮೀನಿನಲ್ಲಿ ಅದು ಕಡಿಮೆ.

ಇದರ ಮಾಂಸ ಬಿಳುಪು, ಗಟ್ಟಿ, ಮುಳ್ಳು ಕಡಿಮೆ, ಕೆಟ್ಟ ವಾಸನೆ ಇಲ್ಲ. ಇಲ್ಲಿಯವರು ಬಿಸ್ಕೆಟ್ ಪುಡಿಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. ನಾವು ಕಾಣೆ ಮೀನಿಗೆ ಮಾಡುವಂತೆ ಮಾಡುತ್ತೇವೆ: ಬ್ಯಾಡಗಿ ಮೆಣಸಿನ ಪುಡಿ, ಅರಿಶಿನ, ಉಪ್ಪು, ಹುಣಸೆ ರಸ, ಬೆಳ್ಳುಳ್ಳಿ ಶುಂಠಿ ಅರೆದು ಹಚ್ಚಿ ಅರ್ಧ ಗಂಟೆ ಬಿಡಿ. ಚಿರೋಟಿ ರವೆಯಲ್ಲಿ ಹೊರಳಿಸಿ, ಕಬ್ಬಿಣದ ಕಾವಲಿಯಲ್ಲಿ ತೆಂಗಿನೆಣ್ಣೆ ಕಾಯಿಸಿ ಇಡಿ. ಒಂದು ಮಗ್ಗುಲಿಗೆ ಮೂರು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ತಲೆ ಎಸೆಯುವ ಮುಂಚೆ ಎರಡೂ ಕೆನ್ನೆಯಿಂದ ನಾಣ್ಯದಷ್ಟು ದೊಡ್ಡ ತುಂಡು ಕತ್ತರಿಸಿ ತೆಗೆಯಿರಿ. ಇಡೀ ಮೀನಿನಲ್ಲಿ ಅದೇ ಅತಿ ಮೃದು. ನಮ್ಮ ಮನೆಯಲ್ಲಿ ಆ ಎರಡು ತುಂಡು ಮೀನು ಹಿಡಿದವರ ತಟ್ಟೆಗೇ ಹೋಗುತ್ತವೆ.